ಸುಭದ್ರಕ್ಕನ ಚಾಕು ಬಿಟ್ಟದ್ದೇನು

ನಾನು ಮಾಡಿದ ಮೊಟ್ಟಮೊದಲ ಚಾಕು ಬೆಲ್ಲ ಬಿಟ್ಟಿತ್ತು. ಬೂದುಗುಂಬಳ, ತೆಂಗಿನ ನಾರು, ಹಳೇ ಚಪ್ಪಲಿ, ಏನು ಕೊಟ್ಟರೂ ಸರಕ್ಕನೆ ಕೊಯ್ಯುತ್ತಿತ್ತು. ಬೆಲ್ಲದ ಅಚ್ಚಿನ ಮೇಲಿಟ್ಟರೆ ಮಾತ್ರ ಎಣ್ಣೆ ಸವರಿದ ಗಾಜಿನ ಮೇಲಿಟ್ಟ ಹಾಗೆ ಜಾರಿ ಪಕ್ಕಕ್ಕೆ ಹೋಗುತ್ತಿತ್ತು. ನನಗೆ ಅಳು ಬಂದಿತ್ತು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಪರವಾಗಿಲ್ಲ ಕಾಳಿ, ಬೆಲ್ಲಕ್ಕೆ ಕುಟ್ಟಾಣಿ ಇದೆ. ಉಪ್ಪಿನಕಾಯಿ ಮಾವು ಬಿಟ್ಟಿದ್ದರೆ ಏನು ಮಾಡ್ತಿದ್ದೆ?" ಅಂದಿದ್ದ.

ಕಾಶಿಗೆ ಹೋದವರು ತಮಗಿಷ್ಟವಾದ ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು ಬರುತ್ತಾರಲ್ಲ, ನಮ್ಮೂರಿನ ಚಾಕುಗಳು ಕಾಶಿಗೆ ಹೋಗದೆಯೇ ಬಿಡುತ್ತವೆ. ಒಂದೊಂದು ಚಾಕು ಒಂದೊಂದನ್ನು. ಯಾವುದು ಏನನ್ನು ಬಿಡುತ್ತದೆ ಎಂದು ಮಾಡುವ ನನಗೂ ಗೊತ್ತಿರುವುದಿಲ್ಲ, ಕೊಳ್ಳುವವರಿಗೂ ಗೊತ್ತಿರುವುದಿಲ್ಲ. ಸಾಣೆ ಹಿಡಿದರೆ ಹೋಗುವ ಚಾಳಿಯೂ ಅಲ್ಲ ಅದು. ಹಾಗಂತ ಇದಕ್ಕೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ಹಾಗಲಕಾಯಿ ಬಿಟ್ಟ ಚಾಕು ಇರುವ ಮನೆಯವರು ಗೊಜ್ಜು ಮಾಡುವ ದಿನ ಕಾಂಪೌಂಡಿನ ಮೇಲಿಂದ ಕೈ ಚಾಚಿ, "ರೀ, ನಿಮ್ಮದು ಸ್ವಲ್ಪ ಕೊಡಿ" ಅನ್ನುತ್ತಾರೆ. ಹೆಣ್ಣು ನೋಡಲು ಬಂದವರು ಜಾತಕ ಕೇಳಿದ ಮೇಲೆ "ನಿಮ್ಮ ಮನೆ ಚಾಕು ಏನು ಬಿಟ್ಟಿದೆ?" ಎಂದೂ ಕೇಳುತ್ತಾರೆ. ಎರಡೂ ಮನೆಯದು ಈರುಳ್ಳಿಯನ್ನೇ ಬಿಟ್ಟಿದ್ದರೆ ಒಂದು ಗಳಿಗೆ ಮುಖ ಮುಖ ನೋಡಿಕೊಂಡು, ಕೊನೆಗೆ ಹುಡುಗಿಯ ಜೊತೆ ಹೊಸ ಚಾಕು ಕಳಿಸುವುದೆಂದು ತೀರ್ಮಾನವಾಗುತ್ತದೆ. ಬಸ್‌ಸ್ಟ್ಯಾಂಡ್ ಪಕ್ಕದ ಕ್ಷೌರದ ಅಂಗಡಿಗೆ ನಾನು ಮಾಡಿಕೊಟ್ಟ ಕತ್ತಿ ಮೀಸೆ ಬಿಟ್ಟಿದೆ. ನಮ್ಮೂರ ಗಂಡಸರಲ್ಲಿ ಅರ್ಧಕ್ಕರ್ಧ ಜನ ಮೀಸೆ ಬಿಟ್ಟಿರುವುದಕ್ಕೆ ಶೌರ್ಯ ಕಾರಣ ಅಂತ ಹೊರಗಿನವರು ತಿಳಿದುಕೊಂಡರೆ ನಾವು ತಿದ್ದಲು ಹೋಗುವುದಿಲ್ಲ.

ಅಪ್ಪ ಹೋದ ಮೇಲೆ ಕುಲುಮೆ ನನ್ನ ಕೈಗೆ ಬಂತು. ಬೆಂಕಿಗೆ ಗಾಳಿ ಊದುವ ತಿದಿ ಎಳೆಯುವುದು ನನ್ನ ಗಂಡ. ಅವನ ಹೆಸರು ಮೌನೇಶ. ಹೆಸರಿಟ್ಟವರು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದ ಕೂಸನ್ನು ನೋಡಿ ಮೋಸಹೋದರು ಅನಿಸುತ್ತದೆ. ಅವನು ಬಾಯಿ ಮುಚ್ಚಿದ್ದನ್ನು ನಾನು ಊಟ ಅಗಿಯುವಾಗ ಬಿಟ್ಟರೆ ಬೇರೆ ಹೊತ್ತಿನಲ್ಲಿ ಕಂಡವಳಲ್ಲ. ಆದರೆ ತಿದಿಯ ಹಗ್ಗ ಹಿಡಿದರೆ ಬೆಂಕಿ ಅವನು ಹೇಳಿದ ಹಾಗೆ ಕೇಳುತ್ತಿತ್ತು, ಅದು ಮುಖ್ಯ.

ಒಂದು ದಿನ ಬೆಳಗ್ಗೆ ಸುಭದ್ರಕ್ಕ ಕುಲುಮೆಗೆ ಬಂದಳು. ಸುಭದ್ರಕ್ಕ ನಮ್ಮೂರಿನ ಮದುವೆ ಅಡುಗೆಯವಳು. ಅವಳು, ಅವಳ ತಮ್ಮ ಪದ್ಮನಾಭ, ಇಬ್ಬರೂ ಸೇರಿ ಸೌಟು ಹಿಡಿದರೆಂದರೆ ಮದುವೆ ಮನೆಯವರು ನಿಶ್ಚಿಂತೆಯಿಂದ ಜಗಳವಾಡಿಕೊಂಡಿರಬಹುದು. ಒಲೆ ಪದ್ದಣ್ಣನದು, ಹೆಚ್ಚುವುದು ಮತ್ತು ಉಪ್ಪು ಸುಭದ್ರಕ್ಕನದು. ಅವಳು ಹೆಚ್ಚಿದ ಹುರುಳಿಕಾಯಿಯನ್ನು ಎಲೆಯ ಮೇಲೆ ಹರಡಿದರೆ ಯಾವ ಚೂರು ಯಾವುದರ ಅವಳಿಜವಳಿ ಎಂದು ಹೇಳಲಾಗುತ್ತಿರಲಿಲ್ಲ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಒಂದೇ ಬೀದಿಯವಳು, ಚಿಕ್ಕಂದಿನಲ್ಲಿ ನನಗೆ ಎಣ್ಣೆ ಹಚ್ಚಿ ಜಡೆ ಹೆಣೆದವಳು.

"ಕಾಳಿ, ಇಲ್ಲಿ ನೋಡು" ಅಂತ ಬಲಗೈ ಚಾಚಿದಳು.

ಗಾಳಿಯೇ ಇಲ್ಲದಾಗಲೂ ಅರಳಿ ಎಲೆ ಅಲ್ಲಾಡುತ್ತದಲ್ಲ, ಹಾಗೆ ಅಲ್ಲಾಡುತ್ತಿತ್ತು ಕೈ. ಮೌನೇಶ ಕೂಡ ತಿದಿಯ ಹಗ್ಗ ಬಿಟ್ಟು ಹತ್ತಿರ ಬಂದ.

"ಡಾಕ್ಟರು ಏನಂದ್ರು ಅಕ್ಕ?"

"ಗುಳಿಗೆ ಕೊಟ್ಟಿದ್ದಾರೆ. ತಗೊಂಡರೆ ನಿದ್ದೆ ಬರುತ್ತೆ, ನಿದ್ದೇಲಿ ಕೈ ನಡುಗಲ್ಲ. ಹಾಗಂತ ನಿದ್ದೇಲಿ ಹುರುಳಿಕಾಯಿ ಹೆಚ್ಚಕ್ಕಾಗುತ್ತಾ? ಈಳಿಗೆ ಮಣೆ ಮೇಲೆ ಕೂತರೆ ಬದನೆಕಾಯಿಗಿಂತ ಮುಂಚೆ ನನ್ನ ಹೆಬ್ಬೆರಳೇ ಅಲಗಿಗೆ ಹೋಗುತ್ತೆ." ಎಡಗೈಯಲ್ಲಿ ಅಲ್ಲಲ್ಲಿ ಒಣಗಿದ ಗಾಯಗಳಿದ್ದವು. "ಪದ್ದು ಹೇಳ್ತಾನೆ, ಅಕ್ಕ ನೀನಿನ್ನು ಕುರ್ಚಿ ಹಾಕ್ಕೊಂಡು ಕೂತ್ಕೋ, ಉಪ್ಪು ಖಾರ ಹೇಳು ಸಾಕು ಅಂತ. ಕುರ್ಚಿ ಮೇಲೆ ಕೂತವಳು ಅಡುಗೆಯವಳಲ್ಲ ಕಾಳಿ, ನೆಂಟರವಳು."

ಗಾಣದ ಮನೆ ಶಂಕರಮ್ಮನ ಮಗಳ ಮದುವೆ ಹತ್ತಿರದಲ್ಲಿತ್ತು. ಊರೆಲ್ಲ ಉಣ್ಣುವ ಮದುವೆ. ಅಷ್ಟರೊಳಗೆ ತನ್ನ ಕೈಗೆ ಕೂರುವ ಚಾಕು ಬೇಕು, ಆ ಮದುವೆಗೆ ತಾನೇ ಹೆಚ್ಚಬೇಕು. ಇಷ್ಟು ಹೇಳಿ ಅವಳು ಕುಲುಮೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು, ಎದ್ದು ಹೋದರೆ ನಾನು ಇಲ್ಲ ಅಂದುಬಿಡುತ್ತೇನೇನೋ ಅನ್ನುವ ಹಾಗೆ.

ಚಾಕು ಮಾಡುವುದೆಂದರೆ ಕಬ್ಬಿಣ ಬಡಿಯುವುದು ಅಂತ ಜನ ಅಂದುಕೊಂಡಿದ್ದಾರೆ. ಬಡಿಯುವುದು ಕೊನೆಗೆ ಬರುತ್ತದೆ. ಮೊದಲು ಕೈ ನೋಡಬೇಕು. ನಾನು ಸುಭದ್ರಕ್ಕನ ಮನೆಗೆ ಹೋಗಿ ಅವಳು ಹೆಚ್ಚುವುದನ್ನೇ ನೋಡುತ್ತಾ ಕೂತೆ. ಮೂಲಂಗಿ ಹೆಚ್ಚಿದಳು, ಕೋಸು ಹೆಚ್ಚಿದಳು, ಸಿಟ್ಟು ಬಂದು ಚಾಕು ಎಸೆದಳು, ಮತ್ತೆ ಎತ್ತಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಚಾಕು ಎತ್ತುವಾಗ ಕೈ ನಡುಗುತ್ತಿತ್ತು, ಒತ್ತುವಾಗ ನಡುಗುತ್ತಿರಲಿಲ್ಲ. ಅಂಗೈ ಪೂರ್ತಿ ಭಾರ ಬಿಟ್ಟಾಗ ಕೈ ತೊಟ್ಟಿಲಿಗೆ ಹಾಕಿದ ಮಗುವಿನ ಹಾಗೆ ಸುಮ್ಮನಾಗುತ್ತಿತ್ತು.

ಹಾಗಾದರೆ ಎತ್ತುವ ಕೆಲಸವೇ ಇಲ್ಲದ ಚಾಕು ಬೇಕು.

ಕುಲುಮೆಯ ನೆಲದ ಮೇಲೆ ಇದ್ದಿಲಿನಲ್ಲಿ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಹಿಡಿ ಅಲಗಿನ ಹಿಂದೆ ಇರಬಾರದು, ಅಲಗಿನ ನೆತ್ತಿಯ ಮೇಲೆ ಕೂರಬೇಕು. ಅಲಗಿನ ಹೊಟ್ಟೆ ಚೌತಿ ಚಂದ್ರನ ಹಾಗೆ ಬಾಗಿರಬೇಕು, ಮಣೆಯ ಮೇಲಿಟ್ಟು ಮುಂದೆ ಹಿಂದೆ ತೂಗಿದರೆ ಸಾಕು, ತರಕಾರಿ ತಾನಾಗಿ ತುಂಡಾಗಬೇಕು. ಬೆನ್ನು ದಪ್ಪಗೆ, ತೂಕವಾಗಿ. ಮೌನೇಶ ಬಗ್ಗಿ ನೋಡಿ, "ಇದು ಚಾಕು ಥರ ಇಲ್ಲ, ತಲೆಕೆಳಗಾದ ದೋಣಿ ಥರ ಇದೆ" ಅಂದ. "ದೋಣಿ ತೂಗಿದರೆ ಮುಳುಗುತ್ತೆ, ಇದು ತೂಗಿದರೆ ಹೆಚ್ಚುತ್ತೆ" ಅಂದೆ. ಅವನು ಅದನ್ನೇ ತನ್ನ ಮಾತು ಅಂತ ಸಂಜೆಯೊಳಗೆ ಊರೆಲ್ಲ ಹೇಳಿಕೊಂಡು ಬಂದ.

ರಟ್ಟಿನಲ್ಲಿ ಕತ್ತರಿಸಿ ನೋಡಿದೆ, ಆಮೇಲೆ ಹಲಗೆಯಲ್ಲಿ. ಸುಭದ್ರಕ್ಕನ ಕೈಗೆ ಗೋಧಿ ಹಿಟ್ಟಿನ ಗಟ್ಟಿ ಉಂಡೆ ಕೊಟ್ಟು, "ಚಾಕು ಅಂದ್ಕೊಂಡು ಹಿಡಿ" ಅಂದೆ. ಅವಳ ಐದೂ ಬೆರಳು ಹಿಟ್ಟಿನಲ್ಲಿ ಮೂಡಿದವು. ಆ ಅಚ್ಚಿನ ಅಳತೆಗೆ ಹುಣಸೆ ಕೊರಡಿನಲ್ಲಿ ಹಿಡಿ ಕೆತ್ತಿದೆ, ಕೆತ್ತಿ ಚೆಂದಕ್ಕೆ ಅಂತ ಉಜ್ಜಿ ಉಜ್ಜಿ ನುಣುಪು ಮಾಡಿದೆ. ಅಲಗಿಗೆ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ. ಮೊದಲನೆಯದು ನೀರಿಗೆ ಅದ್ದಿದಾಗ ಟಿಣ್ ಅಂತ ಬಿರುಕು ಬಿಟ್ಟಿತು. ಎರಡನೆಯದನ್ನು ಹೊಂಗೆ ಎಣ್ಣೆಯಲ್ಲಿ ತಣಿಸಿ, ಮತ್ತೆ ಸಣ್ಣ ಶಾಖಕ್ಕೆ ಹಿಡಿದು, ಮಾಗಿದ ಗೋಧಿ ತೆನೆಯ ಬಣ್ಣ ಅಂಚಿಗೆ ಏರುವುದನ್ನೇ ಕಾದು ತೆಗೆದೆ. ಹದ ಸರಿಯಾಗಿತ್ತು. ಬೆರಳಿನಿಂದ ಮೀಟಿದರೆ ಹಿತ್ತಾಳೆ ಗಂಟೆಯ ಹಾಗೆ ಉಲಿಯುತ್ತಿತ್ತು.

ಸುಭದ್ರಕ್ಕ ಅದನ್ನು ಮಣೆಯ ಮೇಲಿಟ್ಟು ಅಂಗೈ ಊರಿ ತೂಗಿದಳು. ಒಂದು ಸೌತೆಕಾಯಿ ಮಾತಾಡುವಷ್ಟರಲ್ಲಿ ಮುಗಿದಿತ್ತು. ಒಂದು ಬಿಲ್ಲೆ ಎತ್ತಿ ಬೆಳಕಿಗೆ ಹಿಡಿದು ಆಚೆ ಕಡೆಯ ಬೀದಿ ನೋಡಿದಳು.

"ಕಾಳಿ, ಇದರಲ್ಲಿ ಬೀದಿ ಕಾಣುತ್ತೆ ಕಣೇ" ಅಂದಳು.

ಇನ್ನು ಉಳಿದದ್ದು ಬಿಟ್ಟದ್ದನ್ನು ಹುಡುಕುವುದು. ಹೊಸ ಚಾಕು ಬಂದರೆ ನಮ್ಮಲ್ಲಿ ಅದನ್ನು ಹಿಡಿದು ಪೇಟೆ ಸುತ್ತುವ ರೂಢಿ. ಅಂಗಡಿಯವರು ಬೇಜಾರಿಲ್ಲದೆ ಒಂದೊಂದು ಚೂರು ಮುಂದಿಡುತ್ತಾರೆ, ಮಕ್ಕಳು ಹಿಂದೆ ಬರುತ್ತಾರೆ, ಚಾಕು ಜಾರಿದ ಕಡೆ ಎಲ್ಲರೂ ಹೋ ಅನ್ನುತ್ತಾರೆ, ಆ ಅಂಗಡಿಯವರು ಕಾಫಿ ಕೊಡಿಸಬೇಕು. ಸುಭದ್ರಕ್ಕನ ಚಾಕು ಬಾಳೆದಿಂಡು ಕೊಯ್ದಿತು, ಹಲಸು ಕೊಯ್ದಿತು, ಖರ್ಜೂರ, ಕರ್ಪೂರ, ಸಾಬೂನು, ಸೈಕಲ್ ಟೈರು, ಗೋಣಿ ದಾರ, ಮಲ್ಲಿಗೆ ಮಾಲೆ, ರಾಗಿ ಮುದ್ದೆ, ಎಲ್ಲ ಕೊಯ್ದಿತು. ಬೇಕರಿಯವನು ತನ್ನ ಗಟ್ಟಿ ರಸ್ಕಿನ ಮೇಲೆ ಬಹಳ ನಂಬಿಕೆ ಇಟ್ಟಿದ್ದ. ಅದೂ ಹೋಯಿತು. ಪೇಟೆ ಮುಗಿಯಿತು, ಕಾಫಿ ಮಾತ್ರ ಯಾರೂ ಕೊಡಿಸಲಿಲ್ಲ.

ಮರುದಿನ ಮತ್ತೆ ಹೋದೆವು. ಜನ ಮನೆಯಿಂದ ಹುಡುಕಿ ಹುಡುಕಿ ತಂದರು. ನವಿಲುಗರಿ, ಆಮೆಚಿಪ್ಪಿನ ಗುಂಡಿ, ಅಜ್ಜನ ಕಾಲದ ಹುಲ್ಲಿನ ಟೋಪಿ. ಏನೂ ಇಲ್ಲ. ಖುಷಿಪಡಬೇಕಿತ್ತು, ಆದರೆ ಜನರ ನಗು ಸಣ್ಣಗಾಗುತ್ತಾ ಬಂತು. ಏನೂ ಬಿಡದ ಚಾಕು ಅಂತ ಒಂದು ಇರುವುದಿಲ್ಲ. ಬಿಟ್ಟದ್ದು ಗೊತ್ತಾಗದ ಚಾಕು ಇರುತ್ತದೆ, ಅಂಥದ್ದನ್ನು ಮದುವೆ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಹಿಂದೊಮ್ಮೆ ಬಿಟ್ಟುಕೊಂಡು, ಆ ಚಾಕು ಬಾಳೆ ಎಲೆ ಬಿಟ್ಟಿದೆ ಎಂದು ಪಂಕ್ತಿ ಕೂತ ಮೇಲೆ ಗೊತ್ತಾಗಿ, ಬೀಗರು ಕೈಯಲ್ಲಿ ಹರಿದ ಎಲೆಯ ಮೇಲೆ ಉಂಡು ಇವತ್ತಿಗೂ ಆಡಿಕೊಳ್ಳುತ್ತಾರೆ.

ನಾವೆಲ್ಲ ಸುಭದ್ರಕ್ಕನ ಮನೆಯಲ್ಲಿದ್ದಾಗ ಶಂಕರಮ್ಮ ಬಂದಳು. ಗಟ್ಟಿ ಹೆಂಗಸು, ಆದರೆ ಮಾತು ಮೃದು. "ಸುಭದ್ರಾ, ತಪ್ಪು ತಿಳ್ಕೋಬೇಡ. ಅದು ಏನು ಬಿಟ್ಟಿದೆ ಅಂತ ಗೊತ್ತಾಗಲಿ, ಆಮೇಲೆ ತಗೊಂಡು ಬಾ."

"ನಾನೂ ಅದನ್ನೇ ಹೇಳಿದ್ದು" ಅಂದ ಪದ್ದಣ್ಣ. "ಅಕ್ಕನಿಗೆ ಈ ಸಲ ಕುರ್ಚಿ ಹಾಕಿಸಿಬಿಡಿ. ಹೆಚ್ಚೋದನ್ನ ನಾನು ನೋಡ್ಕೋತೀನಿ."

"ನಿನ್ನ ಕುರ್ಚಿಗೆ ಬೆಂಕಿ ಹಾಕ" ಅಂದಳು ಸುಭದ್ರಕ್ಕ. "ಶಂಕರೀ, ಕೂತ್ಕೋ ಇಲ್ಲಿ. ಏನಿಲ್ಲದಿದ್ದರೂ ನನ್ನ ಕೆಲಸ ನೋಡಿಕೊಂಡು ಹೋಗು."

ಮೂಲೆಯಲ್ಲಿದ್ದ ದೊಡ್ಡ ಸುವರ್ಣಗೆಡ್ಡೆ ಎಳೆದು ಮಣೆಯ ಮೇಲಿಟ್ಟಳು. ಸಿಟ್ಟಿನಲ್ಲಿದ್ದಳು, ತೂಗುವುದು ಜೋರಾಗಿತ್ತು. ಅರ್ಧ ಕೊಯ್ದಿರಬೇಕು, ಗೆಡ್ಡೆ ಉರುಳಿತು, ಚಾಕು ಅದರ ಮಗ್ಗುಲಿಂದ ಜಾರಿ ಅವಳ ಎಡಗೈ ಬೆರಳುಗಳ ಮೇಲೆ ಅಷ್ಟೂ ಭಾರದೊಂದಿಗೆ ಕೂತಿತು. ಶಂಕರಮ್ಮ ಕಿರುಚಿದಳು. ಪದ್ದಣ್ಣ "ಅಕ್ಕಾ" ಅಂತ ನುಗ್ಗಿದ. ನಾನು ಕಣ್ಣು ಮುಚ್ಚಿಕೊಂಡೆ. ಎಷ್ಟು ಚೂಪು ಮಾಡಿದ್ದೇನೆಂದು ಅಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಕಣ್ಣು ಬಿಟ್ಟಾಗ ಸುಭದ್ರಕ್ಕ ತನ್ನ ಬೆರಳುಗಳನ್ನು ಮುಖದ ಹತ್ತಿರ ಹಿಡಿದು ನೋಡುತ್ತಿದ್ದಳು. ಬಿಗಿ ಬಳೆ ತೆಗೆದಾಗ ಉಳಿಯುವಂಥ ಒಂದು ಗೆರೆ. ರಕ್ತವಿಲ್ಲ. ಅವಳು ಚಾಕು ಎತ್ತಿ ಬೇಕೆಂದೇ ಹೆಬ್ಬೆರಳ ಮೇಲೆ ಎಳೆದಳು. ಜಾರಿತು.

"ಬೆರಳು ಬಿಟ್ಟಿದೆ" ಅಂದಳು ಮೆಲ್ಲಗೆ. ಆಮೇಲೆ ನಗಲು ಶುರುಮಾಡಿ ಎಲ್ಲೋ ನಡುವೆ ಅಳುತ್ತಿದ್ದಳು. "ಅಯ್ಯೋ ಕಾಳಿ, ನಿನ್ನ ಚಾಕು ಮನುಷ್ಯರನ್ನ ಬಿಟ್ಟಿದೆ ಕಣೇ!"

ಮೌನೇಶ ಆಗಲೇ ಬೀದಿಯಲ್ಲಿದ್ದ.

ಆಮೇಲಿನ ಒಂದು ವಾರ ಸುಭದ್ರಕ್ಕನ ಮನೆ ಜಗಲಿ ದರ್ಶನಕ್ಕೆ ನಿಂತ ಜನರಿಂದ ತುಂಬಿಹೋಯಿತು. ಬಂದವರೆಲ್ಲ ಬೆರಳು ಚಾಚಿ ಕೊಯ್ಯಿಸಿಕೊಳ್ಳುವವರೇ. ಮೊಣಕೈ ಚಾಚಿದವರಿದ್ದರು, ಒಬ್ಬ ಮೂಗು ಚಾಚಿದ. ಬಾಣಂತಿಯೊಬ್ಬಳು ಮಗುವಿನ ಹೆಬ್ಬೆರಳು ತಾಗಿಸಿ ಕಣ್ಣಿಗೊತ್ತಿಕೊಂಡು ಹೋದಳು. ಶಂಕರಮ್ಮ, "ಇಂಥ ಚಾಕು ನನ್ನ ಮಗಳ ಮದುವೆಗೆ ಬರೋದು ಪುಣ್ಯ" ಎಂದು ಒಪ್ಪಿಕೊಂಡಳು. ಕುಲುಮೆಯ ಮುಂದೆಯೂ ಜನ. ಎಲ್ಲರಿಗೂ ಅಂಥದ್ದೇ ಬೇಕು. ಅದೇ ಪಟ್ಟಿ, ಅದೇ ಎಣ್ಣೆ, ಅದೇ ಬಣ್ಣಕ್ಕೆ ಹದ ಹಿಡಿದು ನಾನೂ ಮಾಡಿದೆ. ಒಂದು ಹಸಿಮೆಣಸಿನಕಾಯಿ ಬಿಟ್ಟಿತು, ಇನ್ನೊಂದು ಹಳೇ ಪೇಪರು ಬಿಟ್ಟಿತು. ಮತ್ತೊಂದು, ನನ್ನ ಹೊಟ್ಟೆ ಉರಿಸಲಿಕ್ಕೆಂದೇ, ಬೆಲ್ಲ ಬಿಟ್ಟಿತು. ಬೆರಳು ಮಾತ್ರ ಎಲ್ಲವೂ ಕೊಯ್ಯುತ್ತಿದ್ದವು. ಪರೀಕ್ಷೆ ಮಾಡಿದ್ದು ನನ್ನ ಬೆರಳಲ್ಲೇ ಆದ್ದರಿಂದ ಮೂರನೆಯದಕ್ಕೆ ನಿಲ್ಲಿಸಿದೆ.

ತೊಂದರೆ ಶುರುವಾದದ್ದು ಅದರ ಮುಂದಿನ ವಾರ. ನೆರೆಹೊರೆಯವರು ಸುಭದ್ರಕ್ಕನ ಚಾಕುವನ್ನು ಒಂದು ಗಳಿಗೆ ಅಂತ ಕೇಳಿ ಒಯ್ಯುವರು, ಅವಳೂ ಇಲ್ಲ ಅನ್ನಲಾರಳು. ಅದರಲ್ಲಿ ಹೆಚ್ಚುವ ರುಚಿಯೇ ಬೇರೆ. ನೋಡಬೇಕಿಲ್ಲ, ಹುಷಾರಾಗಿರಬೇಕಿಲ್ಲ, ಕಿಟಕಿಯಾಚೆ ಯಾರು ಹೋದರು ಅಂತ ನೋಡುತ್ತಾ ರಪರಪ ತೂಗಬಹುದು. ಹೀಗೆ ಹೆಚ್ಚಿ ಚಾಕು ವಾಪಸು ಕೊಡುವರು, ಮನೆಗೆ ಹೋಗಿ ತಮ್ಮ ಮಾಮೂಲಿ ಚಾಕು ಹಿಡಿದು ಅದೇ ಗತ್ತಿನಲ್ಲಿ ಕಿಟಕಿಯಾಚೆ ನೋಡುವರು. ಆ ಚಾಕು ಪಾಪ ಹಾಗಲಕಾಯಿ ಬಿಟ್ಟಿರುತ್ತದೆ, ಬೆರಳು ಬಿಟ್ಟಿರುವುದಿಲ್ಲ. ವಾರ ಮುಗಿಯುವಷ್ಟರಲ್ಲಿ ನಮ್ಮ ಬೀದಿಯಲ್ಲಿ ಬಟ್ಟೆ ಸುತ್ತದ ಬೆರಳು ಹುಡುಕಬೇಕಾಯಿತು. ಆಸ್ಪತ್ರೆಯ ಕಾಂಪೌಂಡರು ಬ್ಯಾಂಡೇಜು ಮುಗಿದು ಹಳೇ ಪಂಚೆ ಹರಿಯುತ್ತಿದ್ದಾನೆ ಅಂತ ಮೌನೇಶ ಸುದ್ದಿ ತಂದ. ಅದನ್ನು ಹೇಳುವಾಗ ಅವನ ಎರಡು ಬೆರಳಿಗೂ ಅದೇ ಪಂಚೆ ಸುತ್ತಿತ್ತು.

ಎಲ್ಲರಿಗಿಂತ ಆಳವಾಗಿ ಕೊಯ್ದುಕೊಂಡವನು ಪದ್ದಣ್ಣ. ತನ್ನ ಚಾಕುವಿನಲ್ಲಿ ಕೊಬ್ಬರಿ ಸಣ್ಣಗೆ ಹೆಚ್ಚುತ್ತಿದ್ದವನು ಅಲಗನ್ನು ತೋರುಬೆರಳಿನ ಮೂಳೆಯವರೆಗೆ ಇಳಿಸಿಕೊಂಡಿದ್ದ. ಹೊಲಿಗೆ ಹಾಕಿದರು.

ಶಂಕರಮ್ಮ ಮತ್ತೆ ಬಂದಳು, ಈ ಸಲ ನನ್ನ ಕುಲುಮೆಗೇ. ಮಾತು ಅಷ್ಟೇ ಮೃದು. "ಕಾಳಮ್ಮ, ಮದುವೆಗೆ ಸಹಾಯಕ್ಕೆ ಬರಬೇಕಾದವರಲ್ಲಿ ಅರ್ಧ ಜನ ಕೈ ಕಟ್ಟಿಕೊಂಡು ಕೂತಿದ್ದಾರೆ. ಆ ಚಾಕು ಛತ್ರದ ಅಡುಗೆಮನೆಗೆ ಬಂದರೆ ಉಳಿದವರೂ ಮುಟ್ಟಿ ನೋಡ್ತಾರೆ. ಬೇಡ ಕಣಮ್ಮ. ಹೊಸ್ತಿಲು ದಾಟಿಸಬೇಡಿ."

ಅವಳು ಹೋದ ಸ್ವಲ್ಪ ಹೊತ್ತಿಗೆ ಸುಭದ್ರಕ್ಕ ಬಂದಳು. ಸೆರಗಿನಲ್ಲಿ ಸುತ್ತಿ ತಂದಿದ್ದ ಚಾಕುವನ್ನು ನಾನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟಳು.

"ಒಲೆಗೆ ಹಾಕಿ ಬಡಿದುಬಿಡು ಕಾಳಿ. ಕುಡುಗೋಲೋ ಮೊಳೆಯೋ ಏನಾದರೂ ಮಾಡು."

"ಯಾಕಕ್ಕ? ಶಂಕರಮ್ಮ ಅಂದಳು ಅಂತಲಾ?"

"ಅವಳು ಅಂದಿದ್ದಕ್ಕಲ್ಲ. ನನ್ನ ತಮ್ಮನ ಕೈ ನೋಡಿದೆಯಾ? ನನ್ನ ಕೈ ಹೋದರೆ ಹೋಗಲಿ, ಅವನದು ಇನ್ನೂ ದುಡಿಯೋ ಕೈ. ನನ್ನ ಹಟಕ್ಕೆ ಊರ ಬೆರಳೆಲ್ಲ ಬಲಿ ಕೊಡಲಾ?"

ಮೌನೇಶ ನನ್ನ ಮುಖ ನೋಡಿದ. ತಿದಿಯ ಹಗ್ಗ ಅವನ ಕೈಯಲ್ಲಿತ್ತು, ಬೆಂಕಿ ಸಿದ್ಧವಾಗಿತ್ತು. ನಿಜ ಹೇಳಬೇಕೆಂದರೆ ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂದಿತ್ತು. ನಾನು ಇದುವರೆಗೆ ಮಾಡಿದ್ದರಲ್ಲಿ ಅದೇ ಎಲ್ಲಕ್ಕಿಂತ ಒಳ್ಳೆಯ ಚಾಕು, ಬೆರಳು ಬಿಟ್ಟಿದ್ದಕ್ಕಲ್ಲ, ಬೀದಿ ಕಾಣುವಷ್ಟು ತೆಳ್ಳಗೆ ಸೌತೆಕಾಯಿ ಹೆಚ್ಚಿದ್ದಕ್ಕೆ. ಅದನ್ನು ಎತ್ತಿ ಹಿಡಿದೆ. ಎಷ್ಟು ಹಾಯಾಗಿ ಕೂತಿತು ಅಂಗೈಯಲ್ಲಿ! ಹಾಗೇ ಮೌನೇಶನ ಕೈಗೆ ಕೊಟ್ಟೆ. "ಹೇಗಿದೆ?"

"ಬೆಣ್ಣೆ ಹಾಗಿದೆ" ಅಂದ.

"ಅದೇ ತೊಂದರೆ" ಅಂದೆ. "ಅಕ್ಕನಿಗೆ ಅಂತ ಮಾಡಿದ ಹಿಡಿ ನಿನ್ನ ಕೈಗೆ ಯಾಕೆ ಬೆಣ್ಣೆ ಹಾಗಿರಬೇಕು?"

ಹಿಟ್ಟಿನಲ್ಲಿ ಮೂಡಿದ್ದು ಸುಭದ್ರಕ್ಕನ ಕೈ. ಅವಳ ಉಂಗುರದ ಬೆರಳು ಚಿಕ್ಕಂದಿನಲ್ಲಿ ಒರಳುಗುಂಡಿನ ಕೆಳಗೆ ಸಿಕ್ಕಿ ಸೊಟ್ಟಗಾದದ್ದು, ಹೆಬ್ಬೆರಳು ಒತ್ತುವಾಗ ಒಳಗೆ ಮಡಚುತ್ತದೆ, ಕಿರುಬೆರಳು ಯಾರ ಮಾತೂ ಕೇಳದೆ ಎದ್ದು ನಿಲ್ಲುತ್ತದೆ. ನಾನು ಆ ಏರುತಗ್ಗೆಲ್ಲ ಉಜ್ಜಿ ನುಣುಪು ಮಾಡಿ ಊರಿಗೆಲ್ಲ ಒಪ್ಪುವ ಹಿಡಿ ಮಾಡಿಟ್ಟಿದ್ದೆ. ಹಳೇ ಹಿಡಿಯನ್ನು ಕಿತ್ತು ಒಲೆಗೆ ಹಾಕಿದೆ. ಅಲಗನ್ನು ಮುಟ್ಟಲಿಲ್ಲ. ಮತ್ತೊಂದು ಉಂಡೆ ಕಲಸಿ ಅಕ್ಕನ ಕೈಗೆ ಕೊಟ್ಟು, ಈ ಸಲ ಬರಿದೇ ಹಿಡಿಸದೆ ಮಣೆಯ ಮೇಲೆ ಒತ್ತಿ ತೂಗಿಸಿದೆ. ಮೂಡಿದ್ದನ್ನು ಮೂಡಿದ ಹಾಗೇ ಹುಣಸೆ ಮರದಲ್ಲಿ ಕೆತ್ತಿದೆ. ಸೊಟ್ಟ ಬೆರಳಿಗೆ ಸೊಟ್ಟ ಗುಂಡಿ, ಹೆಬ್ಬೆರಳ ಮಡಿಕೆಗೆ ಓರೆ ಜಾಗ, ಕಿರುಬೆರಳಿಗೆ ಜಾಗವೇ ಇಲ್ಲ. ನೋಡಲು ಶುಂಠಿ ಗೆಡ್ಡೆಯ ಹಾಗಿತ್ತು. ಅಪ್ಪ ನೋಡಿದ್ದರೆ ಹೊಳೆಗೆ ಎಸೆದುಬಾ ಅನ್ನುತ್ತಿದ್ದ.

ಮೌನೇಶ ಹಿಡಿದ. ಚಾಕು ಅವನ ಕೈಯಲ್ಲಿ ಹೊರಳಿ ಅಡ್ಡ ಬಿತ್ತು. ಮತ್ತೆ ಹಿಡಿದ, ಮತ್ತೆ ಬಿತ್ತು. ನಾನು ಹಿಡಿದೆ, ಒಂದು ಗೆಣ್ಣು ಒತ್ತಿ ಜೀವ ಹೋಯಿತು. ಸುಭದ್ರಕ್ಕ ಅಂಗೈ ಊರಿದಳು. ಹಿಡಿ ಅವಳ ಕೈಯೊಳಗೆ ಇಳಿದು ಮರೆಯಾಯಿತು.

ನಾನೂ ಸುಭದ್ರಕ್ಕನೂ ಶಂಕರಮ್ಮನ ಮನೆಗೆ ನಡೆದೆವು. ಶಂಕರಮ್ಮ ತಾನು ಹಿಡಿದು ನೋಡಿದಳು, ಮಗಳ ಕೈಗೆ ಕೊಟ್ಟಳು, ಗಾಣದ ಆಳುಗಳನ್ನು ಕರೆದು ಒಬ್ಬೊಬ್ಬರ ಕೈಗೂ ಕೊಟ್ಟಳು. ಒಬ್ಬರಿಗೂ ಒಂದು ಬದನೆಕಾಯಿ ಹೆಚ್ಚಲಾಗಲಿಲ್ಲ. ಕೊನೆಯ ಆಳು ಚಾಕು ಕೆಳಗಿಟ್ಟು, "ಇದಕ್ಕಿಂತ ನಮ್ಮ ಗಾಣದ ಎತ್ತೇ ವಾಸಿ, ಎರಡು ಏಟಿಗೆ ಮಾತು ಕೇಳುತ್ತೆ" ಅಂದ.

"ಸರಿ ಸುಭದ್ರಾ" ಅಂದಳು ಶಂಕರಮ್ಮ, ನಗು ತಡೆದುಕೊಂಡು. "ಇದನ್ನ ಕಳ್ಳ ಕದ್ದರೂ ವಾಪಸು ತಂದುಕೊಡ್ತಾನೆ. ತಗೊಂಡು ಬಾ."

ಮದುವೆ ಆಯಿತು. ಹೆಣ್ಣಿನ ಸೀರೆ, ಗಂಡಿನ ಟೋಪಿ ನನಗೊಂದೂ ನೆನಪಿಲ್ಲ. ನಾನು ಛತ್ರದ ಹಿಂಬಾಗಿಲ ಹತ್ತಿರ ನಿಂತು ಶಬ್ದ ಕೇಳುತ್ತಿದ್ದೆ. ಮಾಮೂಲಿ ಹೆಚ್ಚುವ ಟಕಟಕ ಅಲ್ಲ, ಮಣೆಯ ಮೇಲೆ ಅಲಗು ಉರುಳುವ ಒಂದು ಗುರುಗುರು, ಅದರ ಹಿಂದೆ ತರಕಾರಿ ಬೀಳುವ ಸಣ್ಣ ಸದ್ದು. ಸುಭದ್ರಕ್ಕನ ಸುತ್ತ ಬೀನ್ಸು, ಕ್ಯಾರೆಟ್ಟು, ಗೆಡ್ಡೆಕೋಸಿನ ರಾಶಿಗಳು ಏರುತ್ತಿದ್ದವು. ರಾಶಿಯಿಂದ ರಾಶಿಗೆ ಕೈ ಹೋಗುವಾಗ ಗಾಳಿಯಲ್ಲಿ ಗಡಗಡ ನಡುಗುತ್ತಿತ್ತು, ಚಾಕುವಿನ ಮೇಲೆ ಕೂತೊಡನೆ ನಿಲ್ಲುತ್ತಿತ್ತು. ಯಾರು ನೋಡಿದರೂ ಅವಳು ತಲೆ ಎತ್ತಲಿಲ್ಲ. ಪದ್ದಣ್ಣ ಬೆರಳಿನ ಕಟ್ಟಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಒಲೆಯ ಮುಂ​ದೆ ನಿಂತು ಹುಳಿ ತಿರುವುತ್ತಿದ್ದ. ಬೀಗರು ಪಲ್ಯ ಮೂರು ಸಲ ಬಡಿಸಿಕೊಂಡರು ಅಂತ ಮೌನೇಶ ಹೇಳಿದ, ಐದು ಸಲ ಅಂತ ಆಮೇಲೆ ಊರಿಗೆ ಹೇಳಿದ.

ಇದಾಗಿ ಸ್ವಲ್ಪ ದಿನಕ್ಕೆ, ಮೌನೇಶ ಇದ್ದಿಲು ತರಲು ಹೋಗಿದ್ದ ಮಧ್ಯಾಹ್ನ, ಪದ್ದಣ್ಣ ಕುಲುಮೆಗೆ ಬಂದ. ಅತ್ತ ಇತ್ತ ನೋಡಿ ಒಳಗೆ ಬಂದು ನಿಂತ. ಬೆರಳಿನ ಹೊಲಿಗೆ ಬಿಚ್ಚಿದ್ದರು.

"ಕೂತ್ಕೋ ಪದ್ದಣ್ಣ. ಚಾಕು ಸಾಣೆ ಹಿಡೀಬೇಕಾ?"

"ಇಲ್ಲ ಕಾಳಮ್ಮ. ಒಂದು ಮಾತು ಹೇಳಬೇಕಿತ್ತು. ಊರೆಲ್ಲ ಅಕ್ಕನ ಚಾಕು ಹಿಡಿದು ಮೈಮರೆತು ಕೈ ಕೊಯ್ದುಕೊಂಡರು. ನಾನೂ ಹಾಗೇ ಅಂತ ಎಲ್ಲ ಅಂದ್ಕೊಂಡಿದ್ದಾರೆ. ನಾನು ಆ ಚಾಕು ಒಂದು ಸಲವೂ ಮುಟ್ಟಿದವನಲ್ಲ."

ಕೂತು ಬಲಗೈ ಚಾಚಿದ. ಅಕ್ಕನಷ್ಟಲ್ಲ. ಕಿರುಬೆರಳಿನಲ್ಲಿ, ಪಕ್ಕದ ಬೆರಳಿನಲ್ಲಿ, ಸಣ್ಣಗೆ. ಗೊತ್ತಿಲ್ಲದವರು ನೋಡಿದರೆ ತಾಳ ಹಾಕುತ್ತಿದ್ದಾನೆ ಅನ್ನಬೇಕು.

"ಹೋದ ಚಳಿಗಾಲದಿಂದ" ಅಂದ. "ನಮ್ಮಮ್ಮನಿಗೂ ಇತ್ತು. ಅಕ್ಕನ್ನ ಕುರ್ಚಿ ಮೇಲೆ ಕೂರಿಸಬೇಕು ಅಂತ ನಾನು ಒದ್ದಾಡಿದ್ದು ಅವಳ ಮೇಲಿನ ಸಿಟ್ಟಿಗಲ್ಲ ಕಾಳಮ್ಮ. ಅವಳು ಎದುರಿಗೆ ಕೂತು ಹೆಚ್ಚುವಾಗ ನಾಳೆಯ ನನ್ನ ಕೈಯನ್ನೇ ನೋಡಿದ ಹಾಗಾಗ್ತಿತ್ತು. ನೋಡಕ್ಕೆ ಆಗ್ತಿರಲಿಲ್ಲ." ಕೈ ಮಡಚಿಕೊಂಡ. "ನನಗೂ ಒಂದು ಮಾಡಿಕೊಡ್ತೀಯಾ? ಅದು ಬೆರಳು ಬಿಡದಿದ್ದರೂ ಸರಿ. ಈರುಳ್ಳಿ ಬಿಟ್ಟರೂ ಸರಿ. ಅಕ್ಕನಿಗೆ ಮಾತ್ರ ಹೇಳಬೇಡ."

ನಾನು ಸುತ್ತಿಗೆ ಕೆಳಗಿಟ್ಟೆ. "ಪದ್ದಣ್ಣ, ಮದುವೆ ಆದ ಮಾರನೇ ದಿನವೇ ನಿಮ್ಮಕ್ಕ ಬಂದು ನೀನು ಕೂತಿರೋ ಜಾಗದಲ್ಲೇ ಕೂತಿದ್ದಳು. 'ಪದ್ದು ಬರ್ತಾನೆ, ಸ್ಪ್ರಿಂಗ್ ಪಟ್ಟಿ ತೆಗೆದಿಟ್ಟಿರು. ತಾನಾಗಿ ಬರೋವರೆಗೂ ಬಾಯಿ ಬಿಡಬೇಡ, ಅವನಿಗೆ ನಾಚಿಕೆ ಜಾಸ್ತಿ' ಅಂದಳು."

ಅವನು ನೆಲ ನೋಡಿದ. ಆಮೇಲೆ ಗೋಡೆ ನೋಡಿದ. "ಅದಕ್ಕೇ ಏನು, ನನ್ನ ಪಾಲಿನ ತೆಂಗಿನಕಾಯಿ ಎಲ್ಲ ಆರು ತಿಂಗಳಿಂದ ಅವಳೇ ಒಡೀತಿರೋದು" ಅಂದ. "ಕೇಳಿದರೆ, ನಿನಗೆ ಕಾಯಿ ಒಡೆಯೋ ಭಾಗ್ಯ ಇಲ್ಲ ಅಂತಿದ್ದಳು."

"ಮೌನೇಶ ಬರೋದು ಹೊತ್ತಾಗುತ್ತೆ. ತಿದಿ ಎಳೀತೀಯಾ?"

ಅವನು ಎದ್ದು ಹಗ್ಗ ಹಿಡಿದ. ಹಿಡಿದಾಗ ಬೆರಳು ಕುಣಿಯಿತು. ಎಳೆದ. ಬೆಂಕಿ ನೀಲಿಯಾಗಿ ಎದ್ದಿತು. ಬಿಟ್ಟ, ಮತ್ತೆ ಎಳೆದ. ನಾನು ಬೆಂಕಿ ನೋಡಲಿಲ್ಲ, ಅವನ ಮುಂಗೈ ನೋಡುತ್ತಿದ್ದೆ. ಬಿಡುವಾಗ ನಡುಗುವ ಕೈ ತನ್ನ ಕಡೆಗೆ ಎಳೆದುಕೊಳ್ಳುವಾಗ ನಿಶ್ಚಲವಾಗಿ ನಿಲ್ಲುತ್ತಿತ್ತು. ಅಕ್ಕನದು ಒತ್ತುವಾಗ ನಿಂತರೆ ತಮ್ಮನದು ಎಳೆಯುವಾಗ. ಹಾಗಾದರೆ ಇವನದು ತೂಗುವ ಚಾಕು ಅಲ್ಲ. ಉದ್ದ ಬೇಕು, ಕೊಕ್ಕೆಯ ಹಾಗೆ ತುದಿ ಒಳಗೆ ಬಾಗಬೇಕು, ಆಚೆ ಇಟ್ಟು ಈಚೆ ಎಳೆದುಕೊಂಡರೆ ಕೊಯ್ಯಬೇಕು.

ಇದ್ದಿಲಿನ ಚೂರೊಂದನ್ನು ಎತ್ತಿಕೊಂಡು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತೆ.

"ನಿಲ್ಲಿಸಬೇಡ ಪದ್ದಣ್ಣ" ಅಂದೆ. "ಇನ್ನೊಂದು ಸಲ ಎಳಿ."